ಅಪ್ಪನ ಸಹಸ್ರಚಂದ್ರ ದರ್ಶನ ಕ್ರೂಸ್ ಹಡಗಿನಲ್ಲಿ: ಯಾರಾದರೂ ಇಂಥದ್ದು ಮಾಡಿದ್ದೀರಾ?

ಮೈಸೂರ್_ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಈ ಏಪ್ರಿಲ್‌ಗೆ ಎಂಬತ್ತು ತುಂಬಿತು. ಎಂಬತ್ತು ವರ್ಷ ಹತ್ತು ತಿಂಗಳಿಗೆ ಸಾವಿರ ಹುಣ್ಣಿಮೆ ಆಗುತ್ತದೆ, 2027ರ ಫೆಬ್ರವರಿಯಲ್ಲಿ ಶಾಂತಿ ಇಟ್ಟುಕೊಳ್ಳಿ ಎಂದು ಪುರೋಹಿತರು ಹೇಳಿದ್ದಾರೆ. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಅಷ್ಟರಲ್ಲಿ ಸಿಂಗಾಪುರದಲ್ಲಿರುವ ನನ್ನ ತಮ್ಮ ಫೋನ್ ಮಾಡಿ, "ಛತ್ರ ಗಿತ್ರ ಏನೂ ಬೇಡ, ಎಲ್ಲರೂ ಇಲ್ಲಿಗೆ ಬನ್ನಿ, ಕ್ರೂಸ್‌ನಲ್ಲಿ ಮಾಡೋಣ" ಎಂದ. ಮೆಲ್ಬರ್ನ್‌ನಲ್ಲಿರುವ ತಂಗಿ ಅವನಿಗೆ ತಾಳ ಹಾಕಿದಳು. ಅವನಿಗೆ ಅದು ಮನೆ ಬಾಗಿಲು, ಅವಳಿಗೆ ಅರ್ಧ ದಾರಿ. ಓಡಾಟ, ಫೋನು, ಏಜೆಂಟ್ ಎಲ್ಲ ನನ್ನ ತಲೆ ಮೇಲೆ.

ಅಪ್ಪ ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಹಡಗು ಎಂದ ತಕ್ಷಣ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇಂಜಿನ್ ಯಾವುದು?" ಅಮ್ಮ ಕೇಳಿದ್ದೂ ಒಂದೇ: "ದೀಪ ಹಚ್ಚೋಕೆ ಬಿಡ್ತಾರಾ?" ಎರಡಕ್ಕೂ ನನ್ನ ಹತ್ತಿರ ಉತ್ತರ ಇಲ್ಲ.

ನಾವು ಒಟ್ಟು ಹತ್ತೊಂಬತ್ತು ಜನ. ಮಕ್ಕಳು, ಮೊಮ್ಮಕ್ಕಳು, ಅಪ್ಪನ ತಮ್ಮ, ಚಿಕ್ಕಮ್ಮ ಎಲ್ಲ ಸೇರಿ. ಅಮ್ಮ ಮೊಟ್ಟೆ ಮುಟ್ಟುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಪ್ಪನಿಗೆ ಮಂಡಿ ನೋವು, ಆದರೆ ವೀಲ್‌ಚೇರ್ ಎಂದರೆ ಕೋಪ ಬರುತ್ತದೆ. ಒಂದು ಸಂಜೆಯಾದರೂ ಪಂಚೆ, ಶಲ್ಯದಲ್ಲಿ ಕೂರಿಸಿ ಆರತಿ ಎತ್ತಬೇಕು ಎನ್ನುವುದು ನಮ್ಮೆಲ್ಲರ ಆಸೆ.

ಏಜೆಂಟ್ ಒಂದು "ಸೆಲೆಬ್ರೇಷನ್ ಪ್ಯಾಕೇಜ್" ತೋರಿಸುತ್ತಿದ್ದಾನೆ. ಬಲೂನು, ಕೇಕು, ಒಂದು ಬಾಟಲಿ ವೈನು, ಹಾಸಿಗೆ ಮೇಲೆ ಗುಲಾಬಿ ಎಸಳಿನಲ್ಲಿ ಹಾರ್ಟ್ ಗುರುತು. ಎಂಬತ್ತರ ದಂಪತಿಗೆ ಹಾರ್ಟ್! ಅಮ್ಮ ಆ ಫೋಟೋ ನೋಡಿ ಫೋನ್ ತಲೆಕೆಳಗೆ ಮಾಡಿ ಇಟ್ಟುಬಿಟ್ಟರು. ಇದನ್ನು ತಗೊಳ್ಳಬೇಕಾ? ಬಿಟ್ಟರೆ ಬೇರೆ ಏನು ಮಾಡಬಹುದು? ಹಡಗಿನಲ್ಲಿ ಇಂಥ ಕಾರ್ಯಕ್ರಮ ಮಾಡಿದವರು, ಇಲ್ಲವೇ ನೋಡಿದವರು ಹೇಳಿ, ದಯವಿಟ್ಟು.

ಬಸವನಗುಡಿ_ಮಾವ:

ಅಮ್ಮಾ ತಾಯಿ, ಶಾಂತಿ ಹೋಮವನ್ನು ಹಡಗಿನಲ್ಲಿ ಮಾಡಬೇಕು ಅಂತ ಯಾರು ಹೇಳಿದ್ದು? ಹೋಮ ಮೈಸೂರಿನಲ್ಲಿ, ಮನೆಯಲ್ಲೋ ದೇವಸ್ಥಾನದಲ್ಲೋ ಮುಗಿಸಿ. ಬೆಳಗ್ಗೆ ಶುರು ಮಾಡಿ ಮಧ್ಯಾಹ್ನದ ಊಟಕ್ಕೆ ಮುಗಿಯುತ್ತದೆ. ಆಮೇಲೆ ಹಡಗಾದರೂ ಹತ್ತಿ, ವಿಮಾನವಾದರೂ ಹತ್ತಿ. ಎರಡನ್ನೂ ಒಂದೇ ಕಡೆ ತುರುಕಲು ಹೋದರೆ ಎರಡೂ ಕೆಡುತ್ತವೆ. ನಮ್ಮಜ್ಜಿ ಇದ್ದಿದ್ದರೆ ಸಮುದ್ರ ದಾಟಿದ್ದಕ್ಕೇ ಇನ್ನೊಂದು ಶಾಂತಿ ಮಾಡಿಸುತ್ತಿದ್ದಳು, ಆ ಮಾತು ಬೇರೆ.

ಇನ್ನೊಂದು ಮಾತು. ಸಿಂಗಾಪುರವೇ ಆಗಬೇಕು ಅಂತ ಇಲ್ಲದಿದ್ದರೆ ಮುಂಬೈನಿಂದ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು ಇದೆ. 1990ರಲ್ಲಿ ಕಟ್ಟಿದ್ದು, ಹಳೆಯದು. ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗುತ್ತದೆ. ದೇಶದೊಳಗಿನ ಯಾನವಾದರೆ ವೀಸಾ ತಲೆನೋವಿಲ್ಲ, ಸಸ್ಯಾಹಾರಕ್ಕೆ ಕೊರತೆಯಿಲ್ಲ, ಜೈನ ಊಟವೂ ಸಿಗುತ್ತದೆ. ನಿಮ್ಮ ಅಮ್ಮನಿಗೆ ಅಲ್ಲಿ ಉಪವಾಸ ಬೀಳುವ ಪ್ರಮೇಯ ಬರುವುದಿಲ್ಲ. ಫೆಬ್ರವರಿಯಲ್ಲಿ ಅರಬ್ಬಿ ಸಮುದ್ರವೂ ಶಾಂತ. ಯೋಚನೆ ಮಾಡಿ.

ಮುಲ್ಕಿ_ಕಡಲು:

ಅಕ್ಕಾ, ನಾನು ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹಡಗು ಹತ್ತಿದವ. ಡೈನಿಂಗ್ ರೂಮ್‌ನಲ್ಲಿ ಅಸಿಸ್ಟೆಂಟ್ ವೇಟರ್ ಆಗಿ ಶುರು ಮಾಡಿ, ವೇಟರ್ ಆಗಿ, ಆಮೇಲೆ ಊರಿಗೆ ಬಂದು ಈಗ ಸಣ್ಣ ಹೋಟೆಲ್ ಇಟ್ಟುಕೊಂಡಿದ್ದೇನೆ. ಹಡಗಿನಲ್ಲಿ ಬರ್ತ್‌ಡೇ, ಆ್ಯನಿವರ್ಸರಿ ಹಾಡು ಹಾಡಿ ಹಾಡಿ ಗಂಟಲು ಒಣಗಿಸಿಕೊಂಡವರಲ್ಲಿ ನಾನೂ ಒಬ್ಬ. ಆದ್ದರಿಂದ ಒಳಗಿನ ವಿಷಯ ಹೇಳುತ್ತೇನೆ.

ಮೊದಲು ದೀಪದ ವಿಷಯ. ಇಲ್ಲ. ದೀಪ, ಕರ್ಪೂರ, ಊದುಬತ್ತಿ, ಕೇಕ್ ಮೇಲಿನ ಮೇಣದಬತ್ತಿ, ಸುರ್‌ಸುರ್‌ಬತ್ತಿ, ಯಾವುದೂ ಇಲ್ಲ. ನಾವು ಕೇಕ್ ತಂದಾಗಲೂ ಮೇಣದಬತ್ತಿ ಇರುತ್ತಿರಲಿಲ್ಲ, ಇದ್ದರೆ ಬ್ಯಾಟರಿಯದ್ದು. ಇದು ಹಟಕ್ಕೆ ಮಾಡಿದ ನಿಯಮ ಅಲ್ಲ. 2006ರ ಮಾರ್ಚ್‌ನಲ್ಲಿ ಸ್ಟಾರ್ ಪ್ರಿನ್ಸೆಸ್ ಎಂಬ ದೊಡ್ಡ ಹಡಗು ರಾತ್ರಿ ಜಮೈಕಾ ಕಡೆ ಹೋಗುತ್ತಿತ್ತು. ಒಂದು ಬಾಲ್ಕನಿಯಲ್ಲಿ ಬೆಂಕಿ ಹತ್ತಿ ಸಾಲು ಸಾಲು ಕ್ಯಾಬಿನ್‌ಗಳಿಗೆ ಹಬ್ಬಿತು, ಒಬ್ಬರು ತೀರಿಕೊಂಡರು. ಯಾರೋ ಆರಿಸದೆ ಎಸೆದ ಸಿಗರೇಟ್ ತುಂಡು ಕಾರಣ ಇರಬೇಕು ಎಂದು ತನಿಖೆಯಲ್ಲಿ ಬಂತು. ನಡು ಸಮುದ್ರದಲ್ಲಿ ಫೈರ್ ಇಂಜಿನ್ ಎಲ್ಲಿಂದ ಬರುತ್ತದೆ? ಬೆಂಕಿ ಆರಿಸುವವರೂ ನಾವೇ. ಹಗಲು ತಟ್ಟೆ ಎತ್ತುವ ಕೈಗೇ ಹೋಸ್ ಹಿಡಿಯುವ ಟ್ರೈನಿಂಗ್ ಕೊಟ್ಟಿರುತ್ತಾರೆ. ಕ್ಯಾಬಿನ್‌ನಲ್ಲಿ ಸಣ್ಣ ಹೊಗೆ ಬಂದರೂ ಸೆನ್ಸರ್ ಹಿಡಿಯುತ್ತದೆ. "ಒಂದೇ ಒಂದು ಊದುಬತ್ತಿ" ಅಂತ ಬಾತ್‌ರೂಮ್‌ನಲ್ಲಿ ಹಚ್ಚಲು ಹೋಗಬೇಡಿ, ಎರಡು ನಿಮಿಷದಲ್ಲಿ ಬಾಗಿಲಲ್ಲಿ ಸೆಕ್ಯುರಿಟಿ ಇರುತ್ತಾರೆ.

ಆದರೆ ಆರತಿ ಮಾಡಬಹುದು ಮಾರಾಯ್ರೆ. ಅರಿಶಿನ ಸುಣ್ಣದ ಕೆಂಪು ನೀರಿನ ಆರತಿ ಉಂಟಲ್ಲ, ಅದಕ್ಕೆ ಬೆಂಕಿ ಬೇಡವೇ ಬೇಡ. ಸ್ಟೀಲ್ ತಟ್ಟೆಯಲ್ಲಿ ನೀರು, ಚಿಟಿಕೆ ಅರಿಶಿನ, ಕಡಲೆ ಗಾತ್ರದ ಸುಣ್ಣ. ಬೆರಳಲ್ಲಿ ಕಲಸಿದ ಕೂಡಲೇ ರಕ್ತದ ಬಣ್ಣ ಬರುತ್ತದೆ. ಮಧ್ಯದಲ್ಲಿ ಬ್ಯಾಟರಿ ದೀಪ ಎರಡು ಇಟ್ಟರೆ ಫೋಟೋದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಎಚ್ಚರಿಕೆ: ಕ್ಯಾಬಿನ್‌ನ ಟವೆಲ್, ಹಾಸಿಗೆ, ಕಾರ್ಪೆಟ್ ಹತ್ತಿರ ತರಬೇಡಿ. ಅರಿಶಿನದ ಕಲೆ ಆದರೆ ಪಾಪ ನಿಮ್ಮ ಕ್ಯಾಬಿನ್ ಹುಡುಗ ಉತ್ತರ ಕೊಡಬೇಕು, ಬಿಲ್ ನಿಮಗೂ ಬರಬಹುದು. ಒಂದು ಹಳೆಯ ದಪ್ಪ ಬಟ್ಟೆ ಊರಿನಿಂದಲೇ ತನ್ನಿ, ಕೆಳಗೆ ಹಾಸಿ. ಆ ನೀರನ್ನು ಬಾಲ್ಕನಿಯಿಂದ ಸಮುದ್ರಕ್ಕೆ ಚೆಲ್ಲುವುದೂ ಬೇಡ. ಗಾಳಿಗೆ ಅದು ಕೆಳಗಿನ ಬಾಲ್ಕನಿಯವರ ಮುಖಕ್ಕೆ ಹೋಗುತ್ತದೆ. ಸಿಂಕ್‌ಗೆ ಹಾಕಿ.

ಈಗ ಪ್ಯಾಕೇಜ್. ಬೇಡ ಅಕ್ಕಾ, ಬಿಟ್ಟುಬಿಡಿ. ಅದು ಹನಿಮೂನ್‌ಗೆ ಹೋಗುವ ಜೋಡಿಗಳಿಗೆ ಅಂತ ಮಾಡಿದ್ದು. ಅಪ್ಪನ ಎಂಬತ್ತಕ್ಕೂ ಅದನ್ನೇ ಮಾರುತ್ತಾರೆ, ಹೆಸರು ಮಾತ್ರ ಬೇರೆ. ಹಡಗಿನಲ್ಲಿ ಕ್ಯಾಬಿನ್ ಗೋಡೆ, ಬಾಗಿಲು ಕಬ್ಬಿಣದ್ದು. ಒಂದು ಡಜನ್ ಮ್ಯಾಗ್ನೆಟ್ ತಂದರೆ ಮೊಮ್ಮಕ್ಕಳ ಕೈಯಲ್ಲಿ ಚಿತ್ರ ಬರೆಸಿ ಅಜ್ಜನ ಬಾಗಿಲಿಗೆ ಅಂಟಿಸಬಹುದು. ಗಮ್‌ಟೇಪ್ ಬೇಡ, ಬಣ್ಣ ಕಿತ್ತು ಬರುತ್ತದೆ. ಕೆಲವು ಕಂಪನಿಗಳು ಬಾಗಿಲ ಮೇಲೆ ಎಷ್ಟು ಅಂಟಿಸಬಹುದು ಎನ್ನುವುದಕ್ಕೂ ನಿಯಮ ಇಟ್ಟಿವೆ, ಬುಕಿಂಗ್ ಮಾಡುವಾಗಲೇ ಕೇಳಿ.

ಕೇಕ್ ಬೇಕಿದ್ದರೆ ಪ್ಯಾಕೇಜ್ ಇಲ್ಲದೆಯೇ ಸಿಗುತ್ತದೆ. ಡೈನಿಂಗ್ ರೂಮ್‌ನಲ್ಲಿ ಹೇಳಿದರೆ ಸಣ್ಣದು ಸುಮ್ನೆ ಕೊಡುತ್ತಾರೆ. ಹತ್ತೊಂಬತ್ತು ಜನಕ್ಕೆ ಆಗುವ ದೊಡ್ಡದು ಬೇಕಾದರೆ ದುಡ್ಡು ಕೊಟ್ಟು ಮೊದಲೇ ಆರ್ಡರ್ ಮಾಡಬೇಕು. ಮೊಟ್ಟೆ ಇಲ್ಲದ್ದು ಎಂದು ಬರವಣಿಗೆಯಲ್ಲೇ ಹೇಳಿ, ಹತ್ತಿದ ದಿನ ಬಾಯಲ್ಲಿ ಇನ್ನೊಮ್ಮೆ ಹೇಳಿ. ಕೊನೆ ಗಳಿಗೆಯಲ್ಲಿ ಕೇಳಿದರೆ ಪೇಸ್ಟ್ರಿಯವರು ಹಣ್ಣು ಕತ್ತರಿಸಿ ಮೇಲೆ ಕ್ರೀಮ್ ಹಾಕಿ ಕಳುಹಿಸುತ್ತಾರೆ, ಅದನ್ನು ಕೇಕ್ ಅಂತ ಕತ್ತರಿಸಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯ: ಯಾರಿಗೆ ಹೇಳಬೇಕು ಎನ್ನುವುದು. ಜನ ಏಜೆಂಟ್‌ಗೆ ಹೇಳುತ್ತಾರೆ, ಆ್ಯಪ್‌ನಲ್ಲಿ ತುಂಬುತ್ತಾರೆ, ರಿಸೆಪ್ಷನ್‌ನಲ್ಲಿ ಹೇಳುತ್ತಾರೆ. ಅದರಲ್ಲಿ ಅರ್ಧ ನಮ್ಮ ಟೇಬಲ್‌ವರೆಗೆ ಬರುತ್ತಲೇ ಇರಲಿಲ್ಲ. ನಮ್ಮ ಕೈಗೆ ಬರುವ ಪಟ್ಟಿಯಲ್ಲಿ ಇರುವುದು ಪಾಸ್‌ಪೋರ್ಟ್ ಹುಟ್ಟಿದ ದಿನ ಮಾತ್ರ. ನಿಮ್ಮ ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಏನುಂಟು ನೋಡಿ. ಆ ಕಾಲದವರದ್ದು ಹೆಚ್ಚಾಗಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಕು. ನಮ್ಮ ಕಡೆಯ ಹಿರಿಯರು ಯಾರಾದರೂ ಹಡಗು ಹತ್ತಿದರೆ ನಾನು ಪಟ್ಟಿ ನೋಡಿಯೇ ಹೇಳುತ್ತಿದ್ದೆ: ಜೂನ್ ಒಂದು! ಹಾಗಾಗಿ ಹಡಗು ತಾನಾಗಿ ನೆನಪಿಟ್ಟು ಏನೂ ಮಾಡುವುದಿಲ್ಲ. ಮೊದಲ ರಾತ್ರಿ ಊಟಕ್ಕೆ ಹೋದಾಗ ಹೆಡ್ ವೇಟರ್‌ನನ್ನು ಕರೆಯಿರಿ. ಕಪ್ಪು ಕೋಟು ಹಾಕಿಕೊಂಡು ಟೇಬಲ್‌ನಿಂದ ಟೇಬಲ್‌ಗೆ ಮಾತಾಡಿಸುತ್ತಾ ಬರುತ್ತಾರೆ. ಅವರಿಗೆ ಹೇಳಿ: ಇಂಥ ರಾತ್ರಿ, ಇಷ್ಟು ಜನ, ಮೊಟ್ಟೆ ಇಲ್ಲ, ಅಪ್ಪನಿಗೆ ಎಂಬತ್ತು. ಅವರು ಬರೆದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಹಾಡು ಬೇಕಾ ಬೇಡವಾ ಅದನ್ನೂ ಹೇಳಿ. ಹತ್ತು ಜನ ವೇಟರ್‌ಗಳು ನ್ಯಾಪ್‌ಕಿನ್ ತಿರುಗಿಸುತ್ತಾ ಸುತ್ತ ನಿಂತರೆ ಕೆಲವು ಹಿರಿಯರು ಕುಣಿಯುತ್ತಾರೆ, ಕೆಲವರು ಎದ್ದೇ ಹೋಗುತ್ತಾರೆ.

ಯಾವ ರಾತ್ರಿ? ನಾಲ್ಕು ರಾತ್ರಿಯ ಯಾನವಾದರೆ ಎರಡನೆಯದು ಇಲ್ಲವೇ ಮೂರನೆಯದು. ಮೊದಲ ರಾತ್ರಿ ಯಾರ ಟೇಬಲ್ ಯಾವುದು ಎಂದೇ ಗಲಾಟೆ ಇರುತ್ತದೆ. ಕೊನೆ ರಾತ್ರಿ ಸೂಟ್‌ಕೇಸ್ ಕಟ್ಟಿ ಕ್ಯಾಬಿನ್ ಹೊರಗೆ ಇಡಬೇಕು, ಎಲ್ಲರ ತಲೆ ಅಲ್ಲೇ ಇರುತ್ತದೆ, ನಮ್ಮದೂ ಅಷ್ಟೇ.

ಹತ್ತೊಂಬತ್ತು ಜನ ಒಂದೇ ಟೇಬಲ್‌ನಲ್ಲಿ ಕೂರುವುದು ಆಗದು. ಪಕ್ಕಪಕ್ಕದ ಎರಡು ಮೂರು ಟೇಬಲ್ ಸಿಗುತ್ತದೆ, ಅದಕ್ಕೂ ಎಲ್ಲರ ಬುಕಿಂಗ್ ನಂಬರ್‌ಗಳನ್ನು ಮೊದಲೇ ಒಂದಕ್ಕೊಂದು ಸೇರಿಸಿರಬೇಕು. ಎಷ್ಟೋ ಕಂಪನಿಗಳಲ್ಲಿ ಎಂಟು ಕ್ಯಾಬಿನ್, ಹದಿನಾರು ಜನ ದಾಟಿದರೆ ಗ್ರೂಪ್ ಎಂದು ಲೆಕ್ಕ. ನೀವು ಅಷ್ಟು ಜನ ಇದ್ದೀರಿ. ಗ್ರೂಪ್ ಆಗಿ ಬುಕ್ ಮಾಡಿಸಿ, ಹಗಲು ಹೊತ್ತು ಖಾಲಿ ಇರುವ ಲೌಂಜ್ ಇಲ್ಲವೇ ಮೀಟಿಂಗ್ ರೂಮ್ ಒಂದು ಗಂಟೆಗೆ ಕೊಡಿ ಎಂದು ಕೇಳಿ. ನಿಮ್ಮ ಆರತಿ, ನಮಸ್ಕಾರ, ಹಾಡು ಎಲ್ಲ ಅಲ್ಲಿ ಆಗಲಿ. ಡೈನಿಂಗ್ ರೂಮ್‌ನಲ್ಲಿ ಹತ್ತೊಂಬತ್ತು ಜನ ಸಾಲಾಗಿ ಕಾಲಿಗೆ ಬೀಳಲು ಶುರು ಮಾಡಿದರೆ ಸೂಪ್ ಹಿಡಿದುಕೊಂಡ ನಮ್ಮಂಥವರು ಎಲ್ಲಿ ಹೋಗಬೇಕು!

ಇಂಜಿನ್ ವಿಷಯ ಆಮೇಲೆ ಬರೆಯುತ್ತೇನೆ, ಹೋಟೆಲ್‌ಗೆ ಗಿರಾಕಿ ಬಂದರು.

ಟೆಕ್ಕಾ_ಪಕ್ಕದವಳು:

ನಾನು ಸಿಂಗಾಪುರದಲ್ಲೇ ಇರುವುದು. ಅತ್ತೆ ಮಾವನ ಐವತ್ತನೇ ಮದುವೆ ವಾರ್ಷಿಕೋತ್ಸವ ಇಲ್ಲಿಂದಲೇ ಹೊರಟು ಪೆನಾಂಗ್, ಫುಕೆಟ್ ಯಾನದಲ್ಲಿ ಮಾಡಿದೆವು. ಮೇಲಿನವರು ಪ್ಯಾಕೇಜ್ ಬೇಡ ಎಂದದ್ದು ನೂರಕ್ಕೆ ನೂರು ಸರಿ. ನಾವು ತಗೊಂಡಿದ್ದೆವು. ಬಲೂನು, ಬ್ಯಾನರ್ ಎಲ್ಲ ಬಂತು, ನಮ್ಮ ಮೈದುನನ ಕ್ಯಾಬಿನ್‌ಗೆ! ಅವನಿಗಿನ್ನೂ ಮದುವೆಯೇ ಆಗಿಲ್ಲ. ಬದಲಾಯಿಸಿ ಎಂದರೆ ನಾಳೆ ನೋಡೋಣ ಎಂದರು, ಆ ನಾಳೆ ಬರಲೇ ಇಲ್ಲ.

ಊಟಕ್ಕೆ ಹೆದರಬೇಡಿ. ಇಲ್ಲಿಂದ ಹೊರಡುವ ಹಡಗುಗಳಲ್ಲಿ ನಮ್ಮವರು ತುಂಬಾ ಜನ ಇರುತ್ತಾರೆ, ಇಂಡಿಯನ್ ವೆಜ್ ಸಿಕ್ಕೇ ಸಿಗುತ್ತದೆ. ಆದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಬೇಕೆಂದರೆ "ಜೈನ್ ಮೀಲ್" ಎಂದು ಬುಕಿಂಗ್‌ನಲ್ಲೇ ಹಾಕಿಸಿ. ಅದರಲ್ಲಿ ಆಲೂಗಡ್ಡೆಯೂ ಇರುವುದಿಲ್ಲ ಎಂದು ಅಮ್ಮನಿಗೆ ಮೊದಲೇ ಹೇಳಿಬಿಡಿ. ನಮ್ಮತ್ತೆ ಬಫೆಯಲ್ಲಿ ಬಿಳಿ ಅನ್ನ, ಸಪ್ಪೆ ಮೊಸರು ತಂದು ಕಲಸಿ, ಬ್ಯಾಗಿನಿಂದ ಉಪ್ಪಿನಕಾಯಿ ಸ್ಯಾಚೆ ತೆಗೆದು ಹಾಯಾಗಿ ಊಟ ಮಾಡಿದರು. ಆಮೇಲೆ ಗುಜರಾತಿ ಆಂಟಿಯೊಬ್ಬರು ಬಂದು ಒಂದು ಸ್ಯಾಚೆ ಕೇಳಿ ಇಸಕೊಂಡು ಹೋದರು.

ಮನೆಯಲ್ಲಿ ಮಾಡಿದ ಹೋಳಿಗೆ, ಚಕ್ಕುಲಿ, ಕೋಡುಬಳೆ ತರುವ ಆಸೆ ಬಿಡಿ. ಎಷ್ಟೋ ಹಡಗುಗಳು ಮನೆ ತಿಂಡಿ ಒಳಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಸೀಲ್ ಮಾಡಿದ ಪ್ಯಾಕೆಟ್ ಆದರೆ ಸಾಮಾನ್ಯವಾಗಿ ಪರವಾಗಿಲ್ಲ. ಬಿಸಿನೀರು ಹಾಕುವ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್ ತನ್ನಿ. ಬಿಸಿನೀರು ಬಫೆಯಲ್ಲಿ ಸಿಗುತ್ತದೆ. ಕೆಟಲ್, ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ ತಂದರೆ ಸ್ಕ್ಯಾನರ್‌ನಲ್ಲೇ ಹಿಡಿದು ಎತ್ತಿಡುತ್ತಾರೆ, ಇಳಿಯುವ ದಿನ ಲೈನಿನಲ್ಲಿ ನಿಂತು ವಾಪಸ್ ತಗೊಳ್ಳಬೇಕು. ನಮ್ಮ ಲೈನಿನಲ್ಲಿ ಮೂರು ರೈಸ್ ಕುಕ್ಕರ್ ಕಣ್ಣಾರೆ ನೋಡಿದೆ. ರೇಷ್ಮೆ ಸೀರೆ, ಪಂಚೆ ಎಲ್ಲ ಇಲ್ಲೇ ತಮ್ಮನ ಮನೆಯಲ್ಲಿ ಇಸ್ತ್ರಿ ಮಾಡಿ, ಹ್ಯಾಂಗರ್‌ನಲ್ಲಿ ಕವರ್ ಹಾಕಿ ಕೈಯಲ್ಲಿ ಹಿಡಿದುಕೊಂಡೇ ಹತ್ತಿಸಿ. ಸೂಟ್‌ಕೇಸ್ ಕ್ಯಾಬಿನ್‌ಗೆ ಬರುವುದು ಕೆಲವೊಮ್ಮೆ ರಾತ್ರಿ ಆಗುತ್ತದೆ.

ಫಾರ್ಮಲ್ ನೈಟ್ ಎಂದು ಒಂದು ಸಂಜೆ ಕೋಟು ಗೀಟು ಹಾಕಿಕೊಂಡು ಬರುತ್ತಾರೆ. ಮಾವ ಜರಿ ಪಂಚೆ, ಶಲ್ಯದಲ್ಲಿ ಹೋದರು. ಯಾರೂ ತಡೆಯಲಿಲ್ಲ. ಫೋಟೋ ತೆಗೆಯುವ ಹುಡುಗಿ ಬಿಡದೆ ಹಿಂದೆ ಬಿದ್ದಳು. ಆ ಫೋಟೋಗಳ ರೇಟು ಕೇಳಿ ಮಾವ, "ಇಷ್ಟರಲ್ಲಿ ನನ್ನ ಮದುವೆಯೇ ಆಗಿತ್ತು" ಎಂದರು.

ಫುಕೆಟ್‌ನಲ್ಲಿ ಹಡಗು ಪಟಾಂಗ್ ಬೀಚ್ ಎದುರು ದೂರದಲ್ಲೇ ಲಂಗರು ಹಾಕಿ, ಸಣ್ಣ ದೋಣಿಯಲ್ಲಿ ಜನರನ್ನು ದಡಕ್ಕೆ ಬಿಡುವುದು ಜಾಸ್ತಿ. ದೋಣಿ ಮೇಲೆ ಕೆಳಗೆ ಆಡುತ್ತಿರುತ್ತದೆ, ಮಂಡಿ ನೋವಿನವರಿಗೆ ಹತ್ತುವುದು ಇಳಿಯುವುದು ಕಷ್ಟ. ನಾವು ಹಿರಿಯರನ್ನು ಹಡಗಿನಲ್ಲೇ ಬಿಟ್ಟು ಹೋದೆವು. ಅವತ್ತು ಹಡಗೆಲ್ಲ ಖಾಲಿ, ಅವರಿಗೆ ಅದೇ ಬಹಳ ಇಷ್ಟವಾಯಿತು. ವೀಲ್‌ಚೇರ್ ಅನ್ನು ಟರ್ಮಿನಲ್‌ನಲ್ಲಿ ಹತ್ತುವಾಗ ಇಳಿಯುವಾಗ ಮಾತ್ರ ತಗೊಳ್ಳಿ. ಕ್ಯೂ ನಿಲ್ಲುವುದು ತಪ್ಪುತ್ತದೆ ಎಂದರೆ ಯಾವ ಅಪ್ಪನೂ ಒಪ್ಪುತ್ತಾರೆ.

ಮಲ್ಲಿಗೆ ಬೇಕಾದರೆ ಲಿಟ್ಲ್ ಇಂಡಿಯಾದ ಬಫೆಲೋ ರೋಡ್, ಕ್ಯಾಂಪ್‌ಬೆಲ್ ಲೇನ್ ಹೂವಿನ ಅಂಗಡಿಗಳಲ್ಲಿ ಸಿಗುತ್ತದೆ. ಹಡಗಿನೊಳಗೆ ತಾಜಾ ಹೂ ಬಿಡುತ್ತಾರಾ ಎಂದು ಮಾತ್ರ ಕಂಪನಿಯಲ್ಲಿ ಮೊದಲೇ ಕೇಳಿ. ಆಮೇಲೆ ವೀಸಾ: ಹಡಗು ಹೊರಗೆ ಹೋಗಿ ಮತ್ತೆ ಸಿಂಗಾಪುರಕ್ಕೇ ಬರುವುದರಿಂದ ಮಲ್ಟಿಪಲ್ ಎಂಟ್ರಿ ಇರಬೇಕು. ಅಪ್ಪನ ವಯಸ್ಸಿಗೆ ಇನ್ಶೂರೆನ್ಸ್ ಕೊಡುವ ಕಂಪನಿ ಈಗಲೇ ಹುಡುಕಿ. ಹಡಗಿನ ಡಾಕ್ಟರ್ ಫೀಸು ದುಬಾರಿ.

ಮೈಸೂರ್_ಮಗಳು:

ಎಲ್ಲರಿಗೂ ಕೈ ಮುಗಿದೆ. ಹೋಮ ಮೈಸೂರಿನಲ್ಲೇ ಎಂದು ಅಮ್ಮ ಈಗಾಗಲೇ ತೀರ್ಮಾನ ಕೊಟ್ಟಾಯಿತು, ಬಸವನಗುಡಿ ಮಾವನಿಗೆ ಥ್ಯಾಂಕ್ಸ್ ಹೇಳಲು ಹೇಳಿದ್ದಾರೆ. ಕೆಂಪು ನೀರಿನ ಆರತಿ ಕೇಳಿ ಅಮ್ಮನ ಮುಖವೇ ಬದಲಾಯಿತು. "ಅದಿದ್ದರೆ ಸಾಕಲ್ವಾ, ದೃಷ್ಟಿ ತೆಗೆಯೋದು ಅದೇ ತಾನೇ" ಎಂದರು. ಅಪ್ಪನ ಪಾಸ್‌ಪೋರ್ಟ್ ತೆಗೆದು ನೋಡಿದೆ. ಜೂನ್ ಒಂದು! ಮುಲ್ಕಿಯವರೇ, ನೀವು ಜ್ಯೋತಿಷ್ಯ ಶುರು ಮಾಡಿ.

ಈಗ ಒಂದು ಯೋಚನೆ. ಸಾವಿರ ಚಂದ್ರರ ಲೆಕ್ಕದ ಹಬ್ಬ ಅಲ್ವಾ, ಹುಣ್ಣಿಮೆಯ ದಿನವೇ ಅಪ್ಪ ಸಮುದ್ರದ ಮೇಲಿದ್ದರೆ ಹೇಗೆ? ಪಂಚಾಂಗ ನೋಡಿದೆ. 2027ರ ಫೆಬ್ರವರಿ 20, ಶನಿವಾರ ರಾತ್ರಿ ಭಾರತ ಹುಣ್ಣಿಮೆ. ಆ ರಾತ್ರಿ ಹಡಗಿನಿಂದ ಚಂದ್ರ ಸರಿಯಾಗಿ ಕಾಣುತ್ತಾನಾ, ಇಲ್ಲ ಲೈಟುಗಳ ಜಗಮಗದಲ್ಲಿ ಕಳೆದುಹೋಗುತ್ತಾನಾ? ಬಾಲ್ಕನಿ ಕ್ಯಾಬಿನ್ ತಗೊಳ್ಳಬೇಕಾ? ಮತ್ತೆ ಇಂಜಿನ್! ಅಪ್ಪ ದಿನಾ ಕೇಳುತ್ತಿದ್ದಾರೆ.

ಮುಲ್ಕಿ_ಕಡಲು:

ಇಂಜಿನ್ ಮೊದಲು. ಅಪ್ಪನಿಗೆ ಹೀಗೆ ಹೇಳಿ: ಈಗಿನ ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಡೀಸೆಲ್-ಎಲೆಕ್ಟ್ರಿಕ್. ಇಂಜಿನ್ ನೇರವಾಗಿ ಫ್ಯಾನ್ ತಿರುಗಿಸುವುದಿಲ್ಲ. ಇಂಜಿನ್‌ಗಳು ಕರೆಂಟ್ ಮಾಡುತ್ತವೆ, ಆ ಕರೆಂಟ್‌ನಲ್ಲಿ ಮೋಟಾರ್ ಓಡಿ ಪ್ರೊಪೆಲರ್ ತಿರುಗುತ್ತದೆ. ಎ.ಸಿ., ಅಡುಗೆಮನೆ, ಲಿಫ್ಟ್ ಎಲ್ಲಕ್ಕೂ ಅದೇ ಕರೆಂಟ್. ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್‌ನ ತತ್ವವೂ ಇದೇ. ವರ್ಕ್‌ಶಾಪ್‌ನಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂ ಒಂದುಂಟು. ಕೆಲವು ಹಡಗುಗಳಲ್ಲಿ ಮೋಟಾರ್ ಹಡಗಿನ ಹೊಟ್ಟೆಯೊಳಗೆ ಇರುವುದಿಲ್ಲ, ಕೆಳಗೆ ನೀರಿನಲ್ಲಿ ನೇತಾಡುವ ಗೂಡಿನೊಳಗೆ ಇರುತ್ತದೆ. ಆ ಗೂಡೇ ತಿರುಗುತ್ತದೆ, ಚುಕ್ಕಾಣಿ ಬೇಡ. ಇದನ್ನು ಹೇಳಿದರೆ ಅಪ್ಪ ಆ ರಾತ್ರಿ ಮಲಗುವುದಿಲ್ಲ.

ಆ ಪ್ಯಾಕೇಜ್ ದುಡ್ಡನ್ನು ಇಲ್ಲಿಗೆ ಹಾಕಿ. ಕೆಲವು ಹಡಗುಗಳಲ್ಲಿ ಹಣ ಕೊಟ್ಟರೆ ಒಳಗೆಲ್ಲ ಸುತ್ತಿಸುವ ಟೂರ್ ಉಂಟು. ಕ್ಯಾಪ್ಟನ್ ಇರುವ ಬ್ರಿಡ್ಜ್, ಇಂಜಿನ್ ಕಂಟ್ರೋಲ್ ರೂಮ್, ಅಡುಗೆಮನೆ, ಬಟ್ಟೆ ಒಗೆಯುವ ಜಾಗ, ಎಲ್ಲ. ಸೀಟು ಕಡಿಮೆ ಇರುವುದರಿಂದ ಹತ್ತಿದ ಕೂಡಲೇ ಬುಕ್ ಮಾಡಬೇಕು. ಎರಡು ಮೂರು ಗಂಟೆ ನಡಿಗೆ, ಮೆಟ್ಟಿಲು ಉಂಟು, ಮುಚ್ಚಿದ ಬೂಟು ಬೇಕು. ಅದಕ್ಕೇ ಮಂಡಿ ನೋವಿನ ವಿಷಯ ಮೊದಲೇ ಹೇಳಿ, ಅಪ್ಪನ ಜೊತೆ ಮೊಮ್ಮಗ ಒಬ್ಬನನ್ನು ಕಳುಹಿಸಿ. ಇಂಜಿನ್ ಕಂಟ್ರೋಲ್ ರೂಮ್ ಎಂದರೆ ಎಣ್ಣೆ, ಶಬ್ದ ಏನೂ ಇಲ್ಲ. ಎ.ಸಿ. ರೂಮು, ಗೋಡೆ ತುಂಬಾ ಸ್ಕ್ರೀನು. ನಿಮ್ಮ ಅಪ್ಪ ಪ್ರಶ್ನೆ ಕೇಳಲು ಶುರು ಮಾಡಿದರೆ ಇಂಜಿನಿಯರ್‌ಗೂ ಖುಷಿ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು "ವೈಫೈ ಯಾಕೆ ಸ್ಲೋ" ಅಂತಲೇ ಕೇಳುವುದು.

ಈಗ ಚಂದ್ರ. ಜನ ಈಜುಕೊಳದ ಡೆಕ್‌ಗೆ ಹೋಗಿ ಚಂದ್ರ ಕಾಣುವುದಿಲ್ಲ ಅಂತಾರೆ. ಅಲ್ಲಿ ಲೈಟೋ ಲೈಟು, ಮೇಲಿಂದ ಸಿನಿಮಾ ಪರದೆ. ನೀವು ಹಡಗಿನ ಮುಂಭಾಗಕ್ಕೆ ಹೋಗಿ. ಬ್ರಿಡ್ಜ್‌ನಲ್ಲಿ ಡ್ಯೂಟಿ ಮಾಡುವ ಆಫೀಸರ್‌ಗಳಿಗೆ ಕತ್ತಲಲ್ಲಿ ಸಮುದ್ರ ಕಾಣಬೇಕಲ್ಲ, ಅದಕ್ಕೆ ಬ್ರಿಡ್ಜ್‌ನ ಎದುರು ಬೆಳಕು ಬೀಳದ ಹಾಗೆ ನೋಡಿಕೊಳ್ಳುತ್ತಾರೆ. ಮುಂದಿನ ಕ್ಯಾಬಿನ್‌ಗಳವರು ರಾತ್ರಿ ಪರದೆ ಎಳೆಯಲೇಬೇಕು ಎಂದು ಚೀಟಿ ಇಟ್ಟಿರುತ್ತಾರೆ. ಕೆಲವು ಹಡಗಿನಲ್ಲಿ ಮೂತಿಯ ತುದಿಗೆ ಹೋಗಲು ಬಿಡುತ್ತಾರೆ, ಕೆಲವದರಲ್ಲಿ ಬಿಡುವುದಿಲ್ಲ. ಬಿಡದಿದ್ದರೆ ಮೇಲಿನ ಡೆಕ್‌ನ ಮುಂದಿನ ಮೂಲೆ ನೋಡಿ.

ಬಾಲ್ಕನಿ ತಗೊಳ್ಳುವುದಾದರೆ ಅಪ್ಪ ಅಮ್ಮನಿಗೆ ಒಂದು ಸಾಕು, ಉಳಿದವರು ಒಳಗಿನ ಕ್ಯಾಬಿನ್‌ನಲ್ಲಿ ಮಲಗಲಿ. ಯಾವ ಬದಿ ಎಂದು ಮಾತ್ರ ನೋಡಿ. ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಕಡೆ ಹೋಗುವಾಗ ಹಡಗು ಮಲಾಕ್ಕಾ ಜಲಸಂಧಿಯಲ್ಲಿ ವಾಯವ್ಯಕ್ಕೆ ಮುಖ ಮಾಡಿರುತ್ತದೆ. ಪೂರ್ವ ಬಲಗಡೆ ಬಂತು. ಹೋಗುವ ದಾರಿಯಲ್ಲಿ ಹುಣ್ಣಿಮೆ ಬಿದ್ದರೆ ಬಲಬದಿಯ ಬಾಲ್ಕನಿ, ವಾಪಸ್ ಬರುವಾಗ ಬಿದ್ದರೆ ಎಡಬದಿ. ಹುಣ್ಣಿಮೆ ಚಂದ್ರ ಏಳುವುದು ಸೂರ್ಯ ಮುಳುಗುವ ಹೊತ್ತಿಗೇ, ಅಲ್ಲಿ ಅದು ಸಂಜೆ ಏಳು ಗಂಟೆ ಸುಮಾರು. ಬೇಗನೆಯ ಊಟದ ಪಾಳಿ ತಗೊಂಡರೆ ಚಂದ್ರ ಏಳುವಾಗ ನೀವು ಸಿಹಿ ತಿನ್ನುತ್ತಿರುತ್ತೀರಿ. ತಡ ಪಾಳಿ ತಗೊಳ್ಳಿ. ಹಿರಿಯರಿಗೆ ಆರು ಗಂಟೆಗೆ ಬಫೆಯಲ್ಲಿ ಸ್ವಲ್ಪ ತಿನ್ನಿಸಿ, ಆಮೇಲೆ ಆರತಿ, ಚಂದ್ರ, ಎಂಟೂವರೆಗೆ ಕೇಕ್ ಊಟ. ಆಗ ಸೂಪ್ ಹಿಡಿದವರಿಗೂ ಅಡ್ಡಿ ಇಲ್ಲ.

ಮೋಡದ ವಿಷಯ: ನವೆಂಬರ್‌ನಿಂದ ಜನವರಿ ಆ ಕಡೆ ಮಳೆ ಜಾಸ್ತಿ. ಫೆಬ್ರವರಿ ಕೊನೆ ಆದರೆ ಅಷ್ಟಿಲ್ಲ. ಒಳ್ಳೆ ತಿಂಗಳೇ ಸಿಕ್ಕಿದೆ ನಿಮಗೆ. ಮೋಡ ಇದ್ದರೂ ಮರುದಿನ ಚಂದ್ರ ಬರುತ್ತಾನೆ, ಒಂದು ಗಂಟೆ ತಡವಾಗಿ ಅಷ್ಟೇ.

ಬಸವನಗುಡಿ_ಮಾವ:

ಮುಂಬೈನಿಂದ ದಕ್ಷಿಣಕ್ಕೆ ಹೋದರೆ ಪೂರ್ವ ಎಡಗಡೆ. ಇದನ್ನೂ ಬರೆದಿಟ್ಟುಕೊಳ್ಳಿ, ಯಾರಿಗಾದರೂ ಬೇಕಾಗುತ್ತದೆ. ಅಂದಹಾಗೆ ಮುಲ್ಕಿಯವರೇ, ಟಿಪ್ಸ್ ಬಗ್ಗೆ ಬರೆಯಲೇ ಇಲ್ಲವಲ್ಲ? ಸಂಕೋಚವಾ?

ಟೆಕ್ಕಾ_ಪಕ್ಕದವಳು:

ಫೆಬ್ರವರಿ 6ಕ್ಕೆ ಚೀನೀ ಹೊಸ ವರ್ಷ ಇದೆ. 20ಕ್ಕೆ ಆ ರಜೆಯ ನೂಕುನುಗ್ಗಲು ಮುಗಿದಿರುತ್ತದೆ. ಆದರೂ ಶನಿವಾರ ಸೇರಿದ ಯಾನ ಬೇಗ ತುಂಬುತ್ತದೆ. ಹತ್ತೊಂಬತ್ತು ಜನಕ್ಕೆ ಅಕ್ಕಪಕ್ಕ ಕ್ಯಾಬಿನ್ ಬೇಕಾದರೆ ಈ ತಿಂಗಳೇ ಮಾಡಿ. ತಮ್ಮನಿಗೆ ಹೇಳಿ, ಅವನೇ ಇಲ್ಲಿನ ಏಜೆಂಟ್ ಹತ್ತಿರ ವಿಚಾರಿಸಲಿ. ಎಲ್ಲ ನಿಮ್ಮ ತಲೆ ಮೇಲೆ ಯಾಕೆ?

ಮೈಸೂರ್_ಮಗಳು:

ತಮ್ಮನಿಗೆ ಈ ಇಡೀ ಚರ್ಚೆ ಕಳುಹಿಸಿದೆ. ಹೆಬ್ಬೆರಳು ಒತ್ತಿದ್ದಾನೆ, ಓದಿದ್ದಾನೋ ಇಲ್ಲವೋ. ಪ್ಯಾಕೇಜ್ ಬೇಡ ಎಂದು ಏಜೆಂಟ್‌ಗೆ ಹೇಳಿಯಾಯಿತು. ಇಂಜಿನ್ ಟೂರ್ ಇರುವ ಹಡಗು ಯಾವುದು ಎಂದು ಕೇಳಿದ್ದಕ್ಕೆ ಆತ, "ಮೇಡಂ, ಇದುವರೆಗೆ ಯಾರೂ ಕೇಳಿಲ್ಲ, ನಾಳೆ ಹೇಳುತ್ತೇನೆ" ಎಂದ. ಟಿಪ್ಸ್ ಬಗ್ಗೆ ನನಗೂ ತಿಳಿಯಬೇಕು, ಹೇಳಿ.

ಮುಲ್ಕಿ_ಕಡಲು:

ಸಂಕೋಚ ಎಂತದ್ದು. ಹೆಚ್ಚಿನ ಕಂಪನಿಗಳು ಒಬ್ಬರಿಗೆ ದಿನಕ್ಕೆ ಇಂತಿಷ್ಟು ಎಂದು ಬಿಲ್‌ಗೆ ತಾವಾಗಿಯೇ ಸೇರಿಸುತ್ತವೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಅದು 16ರಿಂದ 20 ಡಾಲರ್ ಆಸುಪಾಸು, ಮಕ್ಕಳಿಗೂ ಹೆಚ್ಚಾಗಿ ಅಷ್ಟೇ. ಹತ್ತೊಂಬತ್ತು ಜನಕ್ಕೆ, ನಾಲ್ಕು ರಾತ್ರಿಗೆ ಲೆಕ್ಕ ಹಾಕಿ ನೋಡಿ, ಸಾವಿರದ ಇನ್ನೂರು ಡಾಲರ್ ಮೇಲೆ ಹೋಗುತ್ತದೆ. ಟಿಕೆಟ್ ಬೆಲೆ ಹೋಲಿಸುವಾಗ ಇದನ್ನೂ ಸೇರಿಸಿಯೇ ಹೋಲಿಸಿ. ಅಲ್ಲದೆ ಬೇರೆ ರೆಸ್ಟೋರೆಂಟ್, ಬಾರ್ ಬಿಲ್‌ಗೆ ಎಷ್ಟೋ ಕಡೆ 18 ಪರ್ಸೆಂಟ್ ಪ್ರತ್ಯೇಕ.

ಅದರ ಮೇಲೆ ಕೊಡುವುದು ನಿಮ್ಮ ಮನಸ್ಸು. ನಮ್ಮವರು ಕೊನೆ ರಾತ್ರಿ ಕವರ್‌ನಲ್ಲಿ ಇಟ್ಟು ಕೊಡುತ್ತಾರೆ. ನೀವು ಕೊಡುವುದೇ ಆದರೆ ಕೇಕ್ ತಂದವನಿಗಿಂತ ಕ್ಯಾಬಿನ್ ಹುಡುಗನಿಗೆ ಜಾಸ್ತಿ ಕೊಡಿ. ಅರಿಶಿನ ತರುತ್ತೀರಲ್ಲ!